ಸೇತುವೆಯ ದಿನಗಳಲ್ಲಿ ಹೊಡೆದುಹಾಕಿದ ಹೆಸರು

2014ನೆಯ ಇಸವಿಯ ಮೇ ತಿಂಗಳ ಎಂಟನೆಯ ತಾರೀಕು, ಗುರುವಾರ, ಬೆಳಿಗ್ಗೆ ಹತ್ತೂವರೆ ಮತ್ತು ಹನ್ನೊಂದರ ನಡುವೆ, ಫೆರಾರಾ ನಗರದ ಒಂದು ಕಚೇರಿಯ ಮೂರನೆಯ ಅಂತಸ್ತಿನಲ್ಲಿ, ಅತಿಥಿಗಳಿಗೆ ಕೋಣೆ ಕೊಡುವವರ ದಾಖಲೆ ಪುಸ್ತಕದಿಂದ ದಿರ್ಚೆ ಫೆಲ್ಲೋನಿ ಎಂಬ ಹೆಸರನ್ನು ಹೊಡೆದುಹಾಕಲಾಯಿತು. ಕಾರಣದ ಅಂಕಣದಲ್ಲಿ ಬರೆದದ್ದು ಎರಡೇ ಶಬ್ದ: ‘ಮಾಲೀಕಳ ನಿರ್ಲಕ್ಷ್ಯ’. ಆ ಪುಟದ ದೃಢೀಕೃತ ನಕಲು ನನ್ನ ಮುಂದಿದೆ. ಮೊದಲನೆಯ ಶಬ್ದ ನಿಜ, ಎರಡನೆಯದು ಸುಳ್ಳು. ಭೂದಾಖಲೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಅಳತೆಗಾರನಾಗಿದ್ದು ನಿವೃತ್ತನಾದ ನಾನು, ಎರ್ಮೆಸ್ ಝಾಗಿ, ಸುಳ್ಳು ಎಂಬ ಮಾತನ್ನು ಹಗುರವಾಗಿ ಬಳಸಿದವನಲ್ಲ. ಒಂದು ಗೇಣು ಜಾಗದ ತಕರಾರಿಗೂ ಮೂರು ಸಲ ಸರಪಳಿ ಹಿಡಿದ ಮೇಲೆಯೇ ನಾನು ರುಜು ಹಾಕುತ್ತಿದ್ದೆ.

ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಜಿಕೆಯಿಂದಲ್ಲ, ಓದಬೇಕಾದವರಿಗೆ ಅದು ಗೊತ್ತಿದೆ. ಆದರೆ ಹೊಡೆದುಹಾಕಿದ ಹೆಸರು ಯಾರದು ಎಂಬುದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

ದಿರ್ಚೆ ಹುಟ್ಟಿದ್ದು 1934ರ ಫೆಬ್ರವರಿ ಮೂರರಂದು, ಪೋ ನದಿಯ ದಂಡೆಯ ಪೊಂತೆಲಾಗೊಸ್ಕೂರೊದಲ್ಲಿ. ತಂದೆ ಸಕ್ಕರೆ ಕಾರ್ಖಾನೆಯ ಕಾರ್ಮಿಕ. ಯುದ್ಧದಲ್ಲಿ ಆ ಊರಿನ ಮೇಲೆ ಬಾಂಬು ಬಿದ್ದು ಮನೆ ನೆಲಸಮವಾದಾಗ ಹತ್ತು ವರ್ಷದ ಈ ಹುಡುಗಿ ತಾಯಿಯ ಸೈಕಲ್ಲಿನ ಹಿಂದೆ ಕುಳಿತು ಪಟ್ಟಣಕ್ಕೆ ಬಂದಳು. ಅತ್ತೆಯ ಮನೆಯ ಅಡುಗೆಕೋಣೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದಳು. ಬೇರೆಯವರ ಮನೆಯಲ್ಲಿ ಮಲಗುವವರಿಗೆ ಏನು ಬೇಕು ಎಂಬುದನ್ನು ತಾನು ಕಲಿತದ್ದು ಅಲ್ಲಿಯೇ ಎಂದು ಆಕೆ ಹೇಳುತ್ತಿದ್ದಳು. ಗಂಡ ಗುಎರ್ರೀನೊ ರಾಸಾಯನಿಕ ಕಾರ್ಖಾನೆಯಲ್ಲಿದ್ದ. 1975ರಲ್ಲಿ ಶ್ವಾಸಕೋಶ ಕೆಟ್ಟು ತೀರಿಕೊಂಡ. ಮಕ್ಕಳಿರಲಿಲ್ಲ. ಕೋಟೆಗೋಡೆಯ ದಕ್ಷಿಣದ ಓಣಿಯಲ್ಲಿರುವ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಎರಡು ಕೋಣೆಗಳನ್ನು ಆಕೆ ಅತಿಥಿಗಳಿಗಾಗಿ ತೆರೆದಳು. ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದ್ದು 1976ರ ಮಾರ್ಚ್ ಒಂದರಂದು. ಮೇಲಿನ ಅಂತಸ್ತಿಗೆ ನಾನು ಬಂದದ್ದು 1981ರಲ್ಲಿ. ಅಂದಿನಿಂದ ನಡೆದುದಕ್ಕೆ ನಾನೇ ಸಾಕ್ಷಿ.

ಆಕೆಯ ಕೆಲಸ ಕೋಣೆ ಕೊಡುವುದು ಎಂದು ಪುಸ್ತಕ ಹೇಳುತ್ತದೆ. ನಿಜವಾದ ಕೆಲಸ ಬೇರೆ. ಎರಡು ಮೂರು ದಿನದ ಬಿಡುವಿಗೆ ಬರುವವರಿಗೆ ಬಿಡುವು ಹೇಗಿರಬೇಕೆಂದು ಆಕೆ ಗೊತ್ತುಮಾಡಿ ಕೊಡುತ್ತಿದ್ದಳು. ಯಾರಾದರೂ ಪತ್ರ ಬರೆದರೆ ಉತ್ತರವಾಗಿ ಮೊದಲು ಮೂರು ಪ್ರಶ್ನೆ ಹೋಗುತ್ತಿತ್ತು: ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ಮಂಡಿ ಹೇಗಿದೆ, ಜೊತೆಗೆ ಬರುವವರ ಮೇಲೆ ಈಗ ಕೋಪವಿದೆಯೇ. ಈ ಮೂರಕ್ಕೆ ಉತ್ತರ ಬಂದ ಮೇಲೆ ಒಂದು ದಪ್ಪ ಹಾಳೆಯಲ್ಲಿ, ನೀಲಿ ಶಾಯಿಯಲ್ಲಿ, ದಿನಚರಿ ತಯಾರಾಗುತ್ತಿತ್ತು. ಒಂದು ದಿನಕ್ಕೆ ಒಂದೇ ಅರಮನೆ ಅಥವಾ ಒಂದೇ ಚರ್ಚು. ಅದರ ಹಿಂದೆ ಮುಂದೆ ಯಾವ ಕಲ್ಲುಬೆಂಚಿಗೆ ಎಷ್ಟು ಗಂಟೆಗೆ ನೆರಳು ಬರುತ್ತದೆ ಎಂಬ ಟಿಪ್ಪಣಿ. ತಿರುಚಿದ ಕೊಂಬುಗಳ ನಮ್ಮ ಊರಿನ ರೊಟ್ಟಿಯನ್ನು ಹನ್ನೊಂದರೊಳಗೆ ಕೊಳ್ಳಬೇಕು ಎಂಬ ಸೂಚನೆ. ಮಧ್ಯಾಹ್ನ ಹನ್ನೆರಡೂವರೆಗೆ ಕುಂಬಳದ ಕಡುಬು, ಆಮೇಲೆ ಅಂಗಡಿಗಳ ಬಾಗಿಲು ತೆರೆಯುವ ಮೂರೂವರೆಯವರೆಗೆ ‘ನಿದ್ರೆ’. ಆ ಶಬ್ದದ ಕೆಳಗೆ ಆಕೆ ಎರಡು ಗೆರೆ ಎಳೆಯುತ್ತಿದ್ದಳು.

ಬರುವವರು ಸೋಮವಾರವೇ ಬರಬೇಕು ಎಂಬುದು ಆಕೆಯ ನಿಯಮ. ಸೋಮವಾರ ಹೆಚ್ಚಿನ ಅರಮನೆಗಳು ಮುಚ್ಚಿರುತ್ತವೆ. ಬೇರೆ ಊರಿನ ಹೋಟೆಲಿನವರು ಆ ದಿನವನ್ನು ತಪ್ಪಿಸಿ ಎಂದು ಹೇಳಿದರೆ ದಿರ್ಚೆ ಅದನ್ನೇ ಆರಿಸುತ್ತಿದ್ದಳು. ಮೊದಲ ದಿನ ಎಲ್ಲ ಬಾಗಿಲೂ ಮುಚ್ಚಿದ್ದರೆ, ಎಲ್ಲವನ್ನೂ ನೋಡಿಬಿಡಬೇಕೆಂಬ ಜ್ವರ ತಾನಾಗಿಯೇ ಇಳಿಯುತ್ತದೆ ಎಂಬುದು ಆಕೆಯ ವಾದ.

ಊದಿನೆ ಪಟ್ಟಣದ ಅವೆಲೀನೊ ಮೊರೆತ್ತಿ ಎಂಬ ನಿವೃತ್ತ ರೈಲು ಚಾಲಕ ಹೆಂಡತಿಯೊಂದಿಗೆ 1993ರಿಂದ ಪ್ರತಿ ವರ್ಷ ಮೇ ಕೊನೆಯ ವಾರ ಬರುತ್ತಿದ್ದ. ಮೊದಲ ವರ್ಷ ದಿನಚರಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತು ಆತ ಜಗಳ ತೆಗೆದದ್ದು ನನಗೆ ನೆನಪಿದೆ.

“ಅಲ್ಲ ಸಿನ್ಯೋರಾ, ಇಡೀ ದಿನಕ್ಕೆ ಒಂದೇ ಅರಮನೆನಾ? ನಮ್ಮೂರಲ್ಲಿ ಕೇಳಿದ್ರೆ ನಗ್ತಾರೆ.”

“ನಲವತ್ತು ವರ್ಷ ರೈಲು ಓಡಿಸಿದೋರು ನೀವು. ಇನ್ನೂ ಎಷ್ಟು ಸ್ಟೇಷನ್ ದಾಟಬೇಕು ಅಂತಿದೀರಿ?”

“ಮತ್ತೆ ಮಧ್ಯಾಹ್ನ ಮೂರು ಗಂಟೆ ಏನ್ ಮಾಡ್ಲಿ?”

“ಓದೋಕೆ ಬರಲ್ವಾ? ಬರೆದಿದೀನಲ್ಲ, ಎರಡು ಗೆರೆ ಹಾಕಿ.”

“ನಂಗೆ ಹಗಲು ನಿದ್ದೆ ಬರಲ್ಲ.”

“ಬರೋವರೆಗೂ ಮಲಗಿ. ರಜಾ ಅಂದ್ರೆ ಊಟದ ತಟ್ಟೆ ಇದ್ದಂಗೆ, ಮೊರೆತ್ತಿ. ಅಂಚಿನವರೆಗೂ ಬಡಿಸಿಬಿಟ್ರೆ ಕಲಸೋಕೆ ಜಾಗ ಎಲ್ಲಿರುತ್ತೆ?”

ಆ ಮಧ್ಯಾಹ್ನ ಮೊರೆತ್ತಿ ಐದು ಗಂಟೆಯವರೆಗೆ ಮಲಗಿದ. ಆತನ ಗೊರಕೆ ನನ್ನ ನೆಲದ ಹಲಗೆಗಳ ಮೂಲಕ ಮೇಲಕ್ಕೆ ಬಂತು. ಮುಂದಿನ ಇಪ್ಪತ್ತು ವರ್ಷ ಆತ ಬೇರೆಲ್ಲಿಗೂ ಬಿಡುವಿಗೆ ಹೋಗಲಿಲ್ಲ.

ಅತಿಥಿ ಬರುವ ರೈಲಿಗೆ ದಿರ್ಚೆ ಸೈಕಲ್ಲು ತಳ್ಳಿಕೊಂಡು ನಿಲ್ದಾಣಕ್ಕೆ ಹೋಗುತ್ತಿದ್ದಳು. ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಅತಿಥಿಯ ಪಕ್ಕದಲ್ಲಿ ನಡೆದೇ ಬರುತ್ತಿದ್ದಳು, ಸೈಕಲ್ಲು ಏರುತ್ತಿರಲಿಲ್ಲ. ನಡೆಯುವ ಇಪ್ಪತ್ತೈದು ನಿಮಿಷದಲ್ಲಿ ಮಂಡಿ ಹೇಗಿದೆ ಎಂಬ ಪ್ರಶ್ನೆಗೆ ಪತ್ರದಲ್ಲಿ ಸುಳ್ಳು ಬರೆದವರು ಯಾರೆಂದು ಆಕೆಗೆ ತಿಳಿಯುತ್ತಿತ್ತು. ಅಂಥವರ ದಿನಚರಿಯನ್ನು ಅದೇ ಸಂಜೆ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದಳು. ಅತಿಥಿಗಳ ಹೆಸರಿನ ಚೀಟಿಯನ್ನು ಪೊಲೀಸ್ ಠಾಣೆಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮುಟ್ಟಿಸಬೇಕೆಂಬ ಕಾನೂನನ್ನು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಆಕೆ ಮೀರಲಿಲ್ಲ. 1985ರ ಜನವರಿಯ ದೊಡ್ಡ ಹಿಮದಲ್ಲಿ, ರಸ್ತೆಗಳೇ ಕಾಣದಿದ್ದಾಗಲೂ, ಮೊಣಕಾಲುದ್ದದ ಹಿಮದಲ್ಲಿ ನಡೆದುಹೋಗಿ ಚೀಟಿ ಕೊಟ್ಟು ಬಂದಳು. ಬೆಳಿಗ್ಗೆ ಠಾಣೆಯಲ್ಲಿ ಅದನ್ನು ತೆಗೆದುಕೊಳ್ಳುವವರು ಇನ್ನೂ ಬಂದಿರಲಿಲ್ಲವಾದ್ದರಿಂದ, ಅವರು ಬರುವವರೆಗೆ ಬಾಗಿಲಲ್ಲಿ ಕಾದು, ಮಧ್ಯಾಹ್ನ ಮನೆಗೆ ಮರಳಿದಳು. ಇಂಥವಳ ಮುಂದೆ ‘ನಿರ್ಲಕ್ಷ್ಯ’ ಎಂದು ಬರೆದಿದ್ದಾರೆ.

ಇನ್ನು ತಪ್ಪು ನಡೆದ ಬಗೆ. ದಿನಾಂಕಗಳನ್ನು ಗಮನಿಸಬೇಕೆಂದು ವಿನಂತಿ.

2012ರ ಮೇ ಇಪ್ಪತ್ತರ ಭೂಕಂಪದ ನಂತರ ನಮ್ಮ ಮನೆಯನ್ನು ಎಂಜಿನಿಯರು ಪರೀಕ್ಷಿಸಿ, ಗಟ್ಟಿಯಾಗಿದೆ ಎಂಬ ಪ್ರಮಾಣಪತ್ರವನ್ನು ಜೂನ್ ಹದಿನೈದರಂದೇ ಕೊಟ್ಟಿದ್ದರು. ಅದು ದಿರ್ಚೆಯ ಮೇಜಿನ ಖಾನೆಯಲ್ಲಿತ್ತು. ಎರಡು ವರ್ಷ ಯಾರೂ ಕೇಳಲಿಲ್ಲ. 2014ರ ಏಪ್ರಿಲ್ ಹದಿನೇಳು, ಗುರುವಾರ, ಈಸ್ಟರಿನ ಮೂರು ದಿನ ಮೊದಲು, ನೋಂದಾಯಿತ ಅಂಚೆಯಲ್ಲಿ ಪತ್ರ ಬಂತು: ಮೂಲ ಪ್ರಮಾಣಪತ್ರವನ್ನು ಹದಿನೈದು ದಿನದೊಳಗೆ, ಸಾರ್ವಜನಿಕರ ದಿನಗಳಾದ ಮಂಗಳವಾರ ಅಥವಾ ಗುರುವಾರ ಖುದ್ದಾಗಿ, ಇಲ್ಲವೇ ನೋಂದಾಯಿತ ಅಂಚೆಯ ಮೂಲಕ ಸಲ್ಲಿಸತಕ್ಕದ್ದು. ಹದಿನೈದನೆಯ ದಿನ ಮೇ ಎರಡು, ಶುಕ್ರವಾರ.

ಆ ವರ್ಷದ ಪಂಚಾಂಗವನ್ನು ಜ್ಞಾಪಿಸಿಕೊಳ್ಳಿ. ಇಪ್ಪತ್ತು ಈಸ್ಟರ್, ಇಪ್ಪತ್ತೊಂದು ಈಸ್ಟರ್ ಸೋಮವಾರ. ಅದೇ ವಾರದಲ್ಲಿ ನಮ್ಮ ಊರಿನ ಪಾಲಕ ಸಂತ ಜಾರ್ಜನ ಹಬ್ಬ. ಇಪ್ಪತ್ತೈದು ಶುಕ್ರವಾರ, ವಿಮೋಚನೆಯ ದಿನ. ಮೇ ಒಂದು ಗುರುವಾರ, ಕಾರ್ಮಿಕರ ದಿನ. ಎರಡು ರಜೆಗಳ ನಡುವೆ ಸಿಕ್ಕಿಬಿದ್ದ ಕೆಲಸದ ದಿನವನ್ನೂ ರಜೆಗೆ ಸೇರಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಸೇತುವೆ ಕಟ್ಟುವುದು ಎನ್ನುತ್ತಾರೆ. ಆ ವರ್ಷ ಈಸ್ಟರಿನಿಂದ ಮೇ ನಾಲ್ಕರವರೆಗೆ ಒಂದರ ತುದಿಗೆ ಒಂದು ಸೇತುವೆ ಬಂತು. ಕಟ್ಟಬಲ್ಲವರೆಲ್ಲ ಕಟ್ಟಿದರು. ನಾನೂ ಸೇವೆಯಲ್ಲಿದ್ದಾಗ ಕಟ್ಟಿದ್ದೇನೆ; ಸುಳ್ಳು ಹೇಳುವುದಿಲ್ಲ.

ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ, ದಿರ್ಚೆ ಪ್ರಮಾಣಪತ್ರ ಹಿಡಿದು ಕಚೇರಿಗೆ ಹೋದಳು. ಜೊತೆಗೆ ನಾನೂ ಹೋದೆ. ದ್ವಾರಪಾಲಕ ಲೆಯಾರ್ಕೊ ನಮ್ಮಿಬ್ಬರಿಗೂ ಹಳೆಯ ಪರಿಚಯದವನು.

“ಮೇಲೆ ಯಾರೂ ಇಲ್ಲ ದಿರ್ಚೆ. ಎಲ್ಲ ಸೇತುವೆ ಮೇಲಿದಾರೆ.”

“ಒಬ್ರೂ ಇಲ್ವಾ?”

“ನಾನಿದೀನಲ್ಲ. ಸೇತುವೆ ಕೆಳಗೆ ಕಂಬ ಅಂತ ಒಂದಿರಬೇಕಲ್ವಾ.”

“ಹಂಗಾದ್ರೆ ಈ ಕಾಗದ ನೀನೇ ಇಸ್ಕೊ ಮಾರಾಯ.”

“ಮೊಹರು ಇರೋದು ಅಧಿಕಾರಿ ಕವಲ್ಲಾರಿಯವರ ಖಾನೇಲಿ. ಬೀಗದ ಕೈ ಅವ್ರ ಜೇಬಲ್ಲಿ. ಜೇಬು ರಜಾಕ್ಕೆ ಮಾಂತುವಾ ಊರಲ್ಲಿ.” ಆತ ಬಾಗಿಲಿಗೆ ಅಂಟಿಸಿದ್ದ ಹಾಳೆ ತೋರಿಸಿದ. “ಓದಿ, ಇಲ್ಲೇ ಬರೆದಿದಾರೆ.”

‘ಸಾರ್ವಜನಿಕರ ಭೇಟಿ ಮೇ 6, ಮಂಗಳವಾರದಿಂದ ಪುನರಾರಂಭ’ ಎಂದಿತ್ತು. ಹಾಳೆಗೆ ರುಜುವಿರಲಿಲ್ಲ. ಅದರ ಮಾತುಗಳನ್ನು ಅಲ್ಲೇ ನಿಂತು ನನ್ನ ಕಿಸೆಪುಸ್ತಕದಲ್ಲಿ ಬರೆದುಕೊಂಡೆ, ಸಮಯ ಒಂಬತ್ತು ಗಂಟೆ ಹತ್ತು ನಿಮಿಷ.

ಅದೇ ದಿನ ಹನ್ನೊಂದರ ಹೊತ್ತಿಗೆ ನಾನು ಮೆಟ್ಟಿಲಿಳಿಯುವಾಗ ದಿರ್ಚೆ ಕೋಟು ತೊಟ್ಟು, ಕೈಯಲ್ಲಿ ದೊಡ್ಡ ಲಕೋಟೆ ಹಿಡಿದು ಹೊರಟಿದ್ದಳು. ಇನ್ನು ಮುಂದೆ ಬರೆಯುವುದನ್ನು ಬರೆಯದೆ ಬಿಡುವ ಅವಕಾಶ ನನಗಿತ್ತು. ಬೇರೆ ಯಾರೂ ಅದನ್ನು ಕೇಳಿಸಿಕೊಂಡಿಲ್ಲ.

“ಎಲ್ಲಿಗೆ?” ಎಂದು ಕೇಳಿದೆ.

“ಅಂಚೆ ಕಚೇರಿಗೆ. ಇದನ್ನ ರಿಜಿಸ್ಟರ್ ಮಾಡಿ ಕಳಿಸಿಬಿಡ್ತೀನಿ, ತಲೆನೋವೇ ಬೇಡ.”

“ಮೂಲಪತ್ರಾನ ಅಂಚೆಗೆ ಹಾಕ್ತಾರಾ ಯಾರಾದ್ರೂ? ಕಳೆದುಹೋದ್ರೆ ಮತ್ತೆ ಎಂಜಿನಿಯರ್ ಹಿಂದೆ ಓಡಾಡ್ತೀರಾ?”

“ದಿನ ಕಳೆದುಹೋದ್ರೆ?”

“ಸೇತುವೆ ದಿನ ಯಾವ ಕಚೇರೀಲೂ ಲೆಕ್ಕಕ್ಕಿಲ್ಲ ದಿರ್ಚೆ. ಮೂವತ್ತಾರು ವರ್ಷ ನಾನೇ ಕೂತಿದ್ದೆ ಒಳಗೆ. ಬಾಗಿಲು ಮುಚ್ಚಿದವರು ಗಡುವು ಎಣಿಸ್ತಾರಾ? ಆರನೇ ತಾರೀಕು ಹೋಗಿ, ಎರಡು ನಿಮಿಷದ ಕೆಲಸ.”

“ಕಾನೂನು ನಿಮಗೇ ಗೊತ್ತು ಅಳತೆಗಾರರೇ,” ಎಂದು ಲಕೋಟೆಯನ್ನು ಒಳಗೆ ಇಟ್ಟು ಬಂದಳು.

ನಾನು ಹೇಳಿದ್ದು ಈ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುವ ಮಾತು. ಈಸ್ಟರಿನಿಂದ ಮೇ ಮೊದಲ ವಾರದವರೆಗಿನ ದಿನಗಳು ನಮ್ಮಲ್ಲಿ ದಿನಗಳೇ ಅಲ್ಲ. ರೊಟ್ಟಿಯವನೂ ವಕೀಲನೂ ‘ಸೇತುವೆ ಕಳೀಲಿ’ ಎಂದೇ ಮಾತು ಮುಗಿಸುತ್ತಾರೆ. ಆದರೂ ನಾನು ಹೇಳಿದ ಮಾತು ಕಾನೂನಾಗಿರಲಿಲ್ಲ, ರೂಢಿಯಾಗಿತ್ತು. ಅಳತೆಗಾರನಾದವನು ಈ ಎರಡರ ನಡುವಿನ ಗಡಿಕಲ್ಲನ್ನು ಗುರುತಿಸಬೇಕಿತ್ತು. ಗುರುತಿಸಲಿಲ್ಲ.

ಇಪ್ಪತ್ತನಾಲ್ಕು, ಗುರುವಾರ, ದಿರ್ಚೆ ಮತ್ತೆ ಹೋದಳು. ನಾನು ಬೇಡವೆಂದರೂ ಹೋದಳು. ಬಾಗಿಲು ಮುಚ್ಚಿತ್ತು. ಇಪ್ಪತ್ತೊಂಬತ್ತು, ಮಂಗಳವಾರ, ಮತ್ತೆ ಹೋದಳು. ಮುಚ್ಚಿತ್ತು. ಮೇ ಒಂದು ಗುರುವಾರ ರಾಷ್ಟ್ರಕ್ಕೇ ರಜೆ. ಹದಿನೈದು ದಿನಗಳ ಗಡುವಿನೊಳಗೆ ಬಂದ ನಾಲ್ಕು ಸಾರ್ವಜನಿಕ ದಿನಗಳಲ್ಲಿ ಆ ಬಾಗಿಲು ಒಂದು ನಿಮಿಷವೂ ತೆರೆಯಲಿಲ್ಲ.

ಮೇ ಆರು, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ನಾವು ಮೊದಲಿಗರು. ಅಧಿಕಾರಿ ಕವಲ್ಲಾರಿ ಐವತ್ತರ ಆಸುಪಾಸಿನ ಮನುಷ್ಯ, ಸಭ್ಯ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಪ್ರಮಾಣಪತ್ರವನ್ನು ಓದಿ, ಪುಟದ ಹಿಂಬದಿಯನ್ನೂ ನೋಡಿ, ಮೊಹರಿನ ದಿನಾಂಕದ ಚಕ್ರವನ್ನು ಏಪ್ರಿಲ್ ಹದಿನೇಳರಿಂದ ಮೇ ಆರಕ್ಕೆ ತಿರುಗಿಸಿ ಒತ್ತಿದರು. ಆಮೇಲೆ ಹೇಳಿದರು:

“ನಾಲ್ಕು ದಿನ ತಡ ಆಗಿದೆ, ಸಿನ್ಯೋರಾ.”

“ಮೂರು ಸಲ ಬಂದಿದ್ದೆ. ನೀವಿರಲಿಲ್ಲ.”

“ಅಂಚೆ ಇತ್ತಲ್ಲ.”

ದಿರ್ಚೆ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಬಾಗಿಲ ಮೇಲಿನ ಹಾಳೆಯ ಮಾತು ಎತ್ತಿದೆ. ಅದಕ್ಕೆ ರುಜು ಇರಲಿಲ್ಲವಾದ್ದರಿಂದ ಅದು ಕಚೇರಿಯ ಪ್ರಕಟಣೆಯಲ್ಲ ಎಂದರು ಕವಲ್ಲಾರಿ. ಹಾಳೆ ಅಷ್ಟರಲ್ಲಿ ಬಾಗಿಲಿನಲ್ಲಿಯೂ ಇರಲಿಲ್ಲ. ಆಗ ದಿರ್ಚೆ ಕೇಳಿದಳು:

“ಮಾಂತುವಾ ಹೇಗಿತ್ತು?”

ಕವಲ್ಲಾರಿಯವರ ಮುಖದಲ್ಲಿ ಒಂದು ಬಗೆಯ ಸಂತೋಷ ಬಂತು. “ಅಯ್ಯೋ, ಕೇಳ್ಬೇಡಿ. ಮೂರು ದಿನಕ್ಕೆ ಹನ್ನೊಂದು ಚರ್ಚು, ಎರಡು ಅರಮನೆ, ಕೆರೇಲಿ ದೋಣಿ. ಹೆಂಡತಿ ಪಟ್ಟಿ ಮಾಡಿದ್ಲು. ಕಾಲು ಊದಿಕೊಂಡು ಶೂಸೇ ಹಾಕೋಕಾಗಲ್ಲ ಈಗ.”

“ಬೆಳಿಗ್ಗೆ ಒಂದು ಚರ್ಚು ಸಾಕಿತ್ತು ನಿಮಗೆ. ಮಧ್ಯಾಹ್ನ ಕೆರೆ ದಂಡೆ. ನಿದ್ದೆ ಮಾಡಿದ್ರಾ?”

“ಎಲ್ಲಿ ನಿದ್ದೆ?”

“ಹಂಗಾದ್ರೆ ನೀವು ರಜಾಕ್ಕೇ ಹೋಗಿಲ್ಲ ಬಿಡಿ,” ಎಂದಳು ದಿರ್ಚೆ.

ಇದನ್ನು ಕುಹಕವೆಂದು ಓದಬಾರದು. ಮೂವತ್ತೆಂಟು ವರ್ಷದಿಂದ ಮಾಡುತ್ತಿದ್ದ ಕೆಲಸವನ್ನೇ ಆಕೆ ಆ ಮೇಜಿನ ಮುಂದೆಯೂ ಮಾಡಿದಳು. ಎದುರಿಗಿದ್ದ ಮನುಷ್ಯ ದಣಿದಿದ್ದ. ಆಕೆಗೆ ಕಂಡದ್ದು ಅಷ್ಟೇ. ಎರಡು ದಿನದ ಮೇಲೆ ಆ ಮನುಷ್ಯ ತನ್ನ ಪೆನ್ನಿನಿಂದ ಆಕೆಯ ಹೆಸರಿನ ಮೇಲೆ ಗೆರೆ ಎಳೆದ.

ಮೇ ಇಪ್ಪತ್ತಾರು, ಸೋಮವಾರ, ಮೊರೆತ್ತಿ ದಂಪತಿಗಳು ಬರುವುದು ಮಾರ್ಚಿನಲ್ಲೇ ಗೊತ್ತಾಗಿತ್ತು. ಆತನ ಹೆಂಡತಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲಿನ ಮೊದಲ ಪ್ರಯಾಣ ಅದು. ದಿನಚರಿ ಸಿದ್ಧವಾಗಿತ್ತು, ಅದರಲ್ಲಿ ಬೆಂಚುಗಳನ್ನೆಲ್ಲ ಬಿಸಿಲಿಗೆ ಬೆನ್ನು ಮಾಡಿ ಕೂರುವಂತೆ ಬದಲಿಸಿದ್ದಳು. ಸ್ನೇಹಿತರೆಂದು ಸುಮ್ಮನೆ ಉಳಿಸಿಕೊಳ್ಳಿ, ಯಾರು ಕೇಳುತ್ತಾರೆ, ಎಂದು ನಾನು ಹೇಳಿದೆ. ಆಕೆ ಒಪ್ಪಲಿಲ್ಲ.

“ಚೀಟಿ ಬರೆದು ಠಾಣೆಗೆ ಕೊಡದೆ ಯಾರನ್ನೂ ಮಲಗಿಸಿಲ್ಲ ಈ ಮನೇಲಿ. ಈಗ ಕಳ್ಳಿ ಥರ ಮಲಗಿಸಲಾ?”

ಮೊರೆತ್ತಿ ಬೇರೆ ಕಡೆ ಒಂದು ಮನೆ ಗೊತ್ತುಮಾಡಿಕೊಂಡ. ಮಾಲೀಕ ಮಿಲಾನಿನಲ್ಲಿ, ಬೀಗದ ಕೈ ಬಾಗಿಲ ಪಕ್ಕದ, ಅಂಕಿ ಒತ್ತಿ ತೆರೆಯುವ ಪೆಟ್ಟಿಗೆಯಲ್ಲಿ. ಆದರೂ ದಿರ್ಚೆ ಸೈಕಲ್ಲು ತಳ್ಳಿಕೊಂಡು ನಿಲ್ದಾಣಕ್ಕೆ ಹೋದಳು. ಎಂಬತ್ತು ವರ್ಷದ ಆಕೆ ಅವರ ಪೆಟ್ಟಿಗೆಯನ್ನು ಕಟ್ಟಿಕೊಂಡು ಆ ಬೇರೆ ಮನೆಯ ಬಾಗಿಲಿಗೆ ಅವರನ್ನು ನಡೆಸಿಕೊಂಡು ಹೋದಳು. ಸೈಕಲ್ಲಿನ ಇನ್ನೊಂದು ಹಿಡಿಯನ್ನು ನಾನು ಹಿಡಿದಿದ್ದೆ. ಮೊರೆತ್ತಿಯ ಫೋನಿನಲ್ಲಿ ಬಂದಿದ್ದ ಅಂಕಿಗೆ ಬೀಗದ ಕೈಯ ಪೆಟ್ಟಿಗೆ ತೆರೆಯಲಿಲ್ಲ. ಮಿಲಾನಿನ ಮನುಷ್ಯ ಕರೆಗೆ ಸಿಗಲಿಲ್ಲ. ಒಂದು ಗಂಟೆ ನಲವತ್ತು ನಿಮಿಷ ನಾವು ನಾಲ್ವರು ಓಣಿಯಲ್ಲಿ ನಿಂತೆವು.

“ನಿಮ್ಮನೆ ಇಲ್ಲಿಂದ ಆರು ನಿಮಿಷ,” ಎಂದ ಮೊರೆತ್ತಿ, ಮೆಲ್ಲಗೆ.

“ಗೊತ್ತು.”

“ಹಾಸಿಗೆ ಹಾಸಿದೆಯಾ?”

“ಹಾಸಿದೆ.”

“ಮತ್ತೆ?”

ಹೊಸ ಕಣ್ಣಿನ ಆ ಹೆಂಗಸು ದಿರ್ಚೆಯ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮಿಲಾನಿನಿಂದ ಬೇರೆ ಅಂಕಿ ಬಂತು, ಬಾಗಿಲು ತೆರೆಯಿತು. ದಿನಚರಿಯ ಹಾಳೆಯನ್ನು ಮೊರೆತ್ತಿಗೆ ಕೊಟ್ಟು ಆಕೆ ತಿರುಗಿ ಬಂದಳು. ಅದು ಆಕೆ ಬರೆದ ಕೊನೆಯ ದಿನಚರಿ. ಆಮೇಲೆ ಬಂದ ಪತ್ರಗಳಿಗೆಲ್ಲ ಒಂದೇ ಸಾಲಿನ ಉತ್ತರ ಹೋಗಿದೆ: ಈ ಮನೆಗೆ ಅತಿಥಿಗಳನ್ನು ಇಟ್ಟುಕೊಳ್ಳುವ ಹಕ್ಕಿಲ್ಲ.

ಜೂನ್ ಹನ್ನೆರಡರಂದು ನಾನು ಬರೆದ, ಆಕೆ ರುಜು ಮಾಡಿದ ಮೇಲ್ಮನವಿ ಸಲ್ಲಿಕೆಯಾಯಿತು. ಲೆಯಾರ್ಕೊ ತನ್ನ ಕೆಲಸಕ್ಕೆ ಕುತ್ತು ಬರಬಹುದೆಂದು ತಿಳಿದೂ, ಆ ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದು ತಾನೇ, ಕವಲ್ಲಾರಿಯವರು ಹೇಳಿದಂತೆ, ಎಂದು ಬರೆದುಕೊಟ್ಟ. ಉತ್ತರ ನವೆಂಬರ್ ಇಪ್ಪತ್ತಕ್ಕೆ ಬಂತು. ಲೆಯಾರ್ಕೊನ ಹೇಳಿಕೆಯ ಪ್ರಸ್ತಾಪವೇ ಅದರಲ್ಲಿರಲಿಲ್ಲ. ‘ಅರ್ಜಿದಾರಳಿಗೆ ಅಂಚೆಯ ಮಾರ್ಗ ಎಲ್ಲ ದಿನವೂ ತೆರೆದಿತ್ತು, ಬಳಸದಿರುವುದಕ್ಕೆ ಕಾರಣ ತೋರಿಸಿಲ್ಲ. ಆಕೆ ಬಯಸಿದರೆ ಹೊಸದಾಗಿ ಅರ್ಜಿ ಸಲ್ಲಿಸಬಹುದು.’

ಕಾರಣ ತೋರಿಸದಿದ್ದದ್ದು ಏಕೆಂದರೆ ಕಾರಣ ನಾನು. ಮೇಲ್ಮನವಿಯ ಕರಡಿನಲ್ಲಿ ನಾನು ಅದನ್ನು ಬರೆದಿದ್ದೆ. ದಿರ್ಚೆ ಆ ಸಾಲನ್ನು ಹೊಡೆದುಹಾಕಿಸಿದಳು. ನೆರೆಯವರ ಮೇಲೆ ಕಾಗದದಲ್ಲಿ ದೂರು ಬರೆಯುವ ಪದ್ಧತಿ ತನಗಿಲ್ಲ ಎಂದಳು. ಉತ್ತರ ಬಂದ ಸಂಜೆ, ಹೊಸ ಅರ್ಜಿ ಹಾಕಿಬಿಡೋಣ, ಮೂರು ತಿಂಗಳಲ್ಲಿ ಹಕ್ಕು ಸಿಗುತ್ತದೆ, ಎಂದು ನಾನು ಎಷ್ಟೋ ಹೇಳಿದೆ.

“ಹೊಸದು ಹಾಕಿದ್ರೆ ಹಳೇದು ನಿಜ ಅಂತ ಒಪ್ಕೊಂಡಂಗೆ,” ಎಂದಳು. “ಕೋಣೆ ಹೋದ್ರೆ ಹೋಗ್ಲಿ ಎರ್ಮೆಸ್. ಆ ಮಾತು ಇರೋವರೆಗೂ ನಾನು ಆ ಪುಸ್ತಕಕ್ಕೆ ಮತ್ತೆ ಹೆಸರು ಬರೆಸಲ್ಲ.”

ಮೂವತ್ತಮೂರು ವರ್ಷದಲ್ಲಿ ಆಕೆ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಇದನ್ನು ಬರೆಯುತ್ತಿರುವುದು 2015ರ ಫೆಬ್ರವರಿ ಹತ್ತರಂದು. ಹೋದ ವಾರ ದಿರ್ಚೆಗೆ ಎಂಬತ್ತೊಂದು ತುಂಬಿತು. ಆಕೆ ಆರೋಗ್ಯವಾಗಿದ್ದಾಳೆ, ಆದರೆ ಬೆಳಿಗ್ಗೆ ಏಳುವುದು ತಡವಾಗಿದೆ. ಎರಡು ಕೋಣೆಗಳ ಕಿಟಕಿಗಳನ್ನು ವಾರಕ್ಕೊಮ್ಮೆ ತೆರೆದು ಮುಚ್ಚುತ್ತಾಳೆ. ಮಧ್ಯಾಹ್ನ ಕೆಳಗಿನಿಂದ ಯಾವ ಸದ್ದೂ ಬರುವುದಿಲ್ಲ.

ಆಕೆಗೆ ಹೇಳದೆಯೇ ನಾನು ಈ ಬರಹವನ್ನು ಪ್ರಕಟಣೆಗೆ ಕೊಡುತ್ತಿದ್ದೇನೆ. ಆ ಕಚೇರಿಯ ಮುಖ್ಯಸ್ಥರನ್ನೂ, ಅಧಿಕಾರಿ ಕವಲ್ಲಾರಿಯವರನ್ನೂ ಉದ್ದೇಶಿಸಿ ಹೇಳುತ್ತೇನೆ: 2014ರ ಏಪ್ರಿಲ್ 22, 24, 29 ಮತ್ತು ಮೇ 1, ಈ ನಾಲ್ಕು ಸಾರ್ವಜನಿಕ ದಿನಗಳಂದು ನಿಮ್ಮ ಬಾಗಿಲು ಮುಚ್ಚಿತ್ತು ಎಂಬುದನ್ನು ಅದೇ ಪುಟದಲ್ಲಿ, ಅದೇ ಅಂಕಣದಲ್ಲಿ ಬರೆಯಿರಿ. ಲೆಯಾರ್ಕೊನ ಹೇಳಿಕೆಯನ್ನು ಕಡತಕ್ಕೆ ಸೇರಿಸಿ, ಸೇರಿಸಿದ್ದಕ್ಕಾಗಿ ಅವನನ್ನು ನೋಯಿಸಬೇಡಿ. ಅಂಚೆಯ ಮಾರ್ಗವನ್ನು ಆಕೆ ಬಳಸದಂತೆ ತಡೆದವನು ಎರ್ಮೆಸ್ ಝಾಗಿ, ಸರ್ಕಾರದ ಪಿಂಚಣಿದಾರ, ಎಂದೂ ಬರೆಯಿರಿ. ರುಜು ಹಾಕಲು ನಾನು ಯಾವ ಮಂಗಳವಾರವಾದರೂ, ಯಾವ ಗುರುವಾರವಾದರೂ ಬರುತ್ತೇನೆ. ನಿರ್ಲಕ್ಷ್ಯ ಎಂಬ ಶಬ್ದವನ್ನು ಪುಸ್ತಕದಲ್ಲಿ ಉಳಿಸಲೇಬೇಕೆಂದಿದ್ದರೆ ಅದನ್ನು ಹಂಚಿಕೊಳ್ಳಬೇಕಾದವರು ನೀವು ಮತ್ತು ನಾನು. ದಿರ್ಚೆ ಫೆಲ್ಲೋನಿ ಎಂಬ ಹೆಸರಿನ ಮುಂದಿನಿಂದ ಅದನ್ನು ತೆಗೆಯಿರಿ. ಆಕೆ ಬದುಕಿರುವಾಗಲೇ ತೆಗೆಯಿರಿ, ಮತ್ತು ತೆಗೆದಿದ್ದೇವೆ ಎಂದು ಆಕೆಗೆ ನಿಮ್ಮ ಕೈಬರಹದಲ್ಲಿ, ರುಜು ಹಾಕಿ, ತಿಳಿಸಿರಿ.